ಅಂಟಿದರಷ್ಟೇ ರೋಗ: ಕರುಳಿನ ಒಳಪೊರೆಯೂ ರೋಗಾಣುಗಳೂ

ರೋಗಾಣು ಹೊಟ್ಟೆಗೆ ಹೋಗುವುದು ಬೇರೆ, ಅದರಿಂದ ರೋಗ ಬರುವುದು ಬೇರೆ. ಕಲುಷಿತ ನೀರು ಅಥವಾ ಆಹಾರದೊಂದಿಗೆ ಒಳಸೇರಿದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಜಠರದ ಆಮ್ಲದಲ್ಲೇ ಸಾಯುತ್ತವೆ. ಬದುಕುಳಿದವು ಸಣ್ಣ ಕರುಳಿಗೆ ಬಂದರೆ ಅಲ್ಲಿ ನಿಲ್ಲದ ಹರಿವು. ಕರುಳು ಅಲೆಯಲೆಯಾಗಿ ಹಿಗ್ಗಿ ಕುಗ್ಗಿ ತನ್ನೊಳಗಿನದನ್ನೆಲ್ಲ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಜಠರದಿಂದ ಇಳಿದ ಆಹಾರ ಕೆಲವೇ ಗಂಟೆಗಳಲ್ಲಿ ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳನ್ನು ಸೇರುತ್ತದೆ. ಅಷ್ಟರೊಳಗೆ ಎಲ್ಲೂ ಹಿಡಿತ ಸಿಗದ ಬ್ಯಾಕ್ಟೀರಿಯಾ, ಎಂಥ ಉಗ್ರ ವಿಷವನ್ನು ತಯಾರಿಸಬಲ್ಲದ್ದಾದರೂ, ಹೇಳಿಕೊಳ್ಳುವಂಥ ಹಾನಿ ಮಾಡದೆ ಹೊರಬೀಳುತ್ತದೆ. ಹಿಡಿತ ಸಿಕ್ಕ ಬ್ಯಾಕ್ಟೀರಿಯಾ ಅಲ್ಲೇ ವಿಭಜನೆಗೊಂಡು ಲಕ್ಷಗಟ್ಟಲೆಯಾಗಿ, ಕೋಶಗಳ ಮಗ್ಗುಲಲ್ಲೇ ವಿಷ ಸುರಿಸುತ್ತದೆ, ಇಲ್ಲವೇ ಕೋಶದೊಳಕ್ಕೆ ನುಗ್ಗುತ್ತದೆ.

ಪ್ರಪಂಚದಲ್ಲಿ ಇಂದಿಗೂ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಅತಿಸಾರದಿಂದ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಈ ಸಾವುಗಳ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ಎರಡು ಸಂಗತಿಗಳ ಚರ್ಚೆಯಾಗುತ್ತದೆ. ರೋಗಾಣು ಒಳಗೆ ಬಾರದಂತೆ ಶುದ್ಧ ನೀರು ಮತ್ತು ಶೌಚಾಲಯ ಒದಗಿಸುವುದು ಒಂದು, ಬಂದ ಮೇಲೆ ಔಷಧ ಕೊಡುವುದು ಇನ್ನೊಂದು. ಇವೆರಡರ ನಡುವೆ ಮತ್ತೊಂದು ಹಂತವಿದೆ. ಒಳಗೆ ಬಂದ ರೋಗಾಣುವಿಗೆ ಕರುಳಿನಲ್ಲಿ ನೆಲೆ ಸಿಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವ ಹಂತ ಅದು. ಕಳೆದ ಐವತ್ತು ವರ್ಷಗಳ ಸಂಶೋಧನೆ ಈ ಹಂತವೇ ಹಲವು ಕರುಳುರೋಗಗಳ ಕೀಲು ಎಂಬುದನ್ನು ಸ್ಪಷ್ಟವಾಗಿ ತೋರಿಸಿದೆ. ಹಾಗಿರುವಾಗ ರೋಗಾಣುವನ್ನು ಕೊಲ್ಲುವುದಕ್ಕೆ ಸಿಗುವಷ್ಟೇ ಗಮನ ಅದು ಅಂಟದಂತೆ ತಡೆಯುವುದಕ್ಕೂ ಸಿಗಬೇಕು.

ಅಂಟಬೇಕಾದ ಮೇಲ್ಮೈ

ಸಣ್ಣ ಕರುಳಿನ ಒಳಮೈ ನಯವಾದ ಕೊಳವೆಯಲ್ಲ. ಅದರ ಮಡಿಕೆಗಳ ಮೇಲೆ ವಿಲ್ಲೈ ಎಂಬ ಬೆರಳಿನಂಥ ಚಾಚುಗಳಿವೆ. ಅವನ್ನು ಹೊದ್ದಿರುವ ಒಂದೇ ಪದರದ ಕೋಶಗಳ ತುದಿಯಲ್ಲಿ ಇನ್ನೂ ಸೂಕ್ಷ್ಮವಾದ ಮೈಕ್ರೋವಿಲ್ಲೈಗಳು ಒತ್ತೊತ್ತಾಗಿ ನಿಂತಿವೆ. ಆಹಾರವನ್ನು ಹೀರುವುದಕ್ಕೆ ಇಷ್ಟು ವಿಸ್ತಾರ ಬೇಕು. ಆದರೆ ಇದೇ ವಿಸ್ತಾರ ರೋಗಾಣುವಿಗೂ ತೆರೆದ ಬಯಲು. ಹೀಗಾಗಿ ಕರುಳಿಗೆ ಹೀರುವ ಕೆಲಸದ ಜೊತೆಗೆ ಕಾವಲಿನ ಕೆಲಸವೂ ಇದೆ.

ಮೊದಲ ಕಾವಲು ಲೋಳೆ. ಗೋಬ್ಲೆಟ್ ಕೋಶಗಳು ಮ್ಯೂಸಿನ್ ಎಂಬ, ಸಕ್ಕರೆಯ ಸರಪಳಿಗಳಿಂದ ತುಂಬಿದ ಪ್ರೋಟೀನನ್ನು ಎಡೆಬಿಡದೆ ಸ್ರವಿಸುತ್ತವೆ. ದೊಡ್ಡ ಕರುಳಿನಲ್ಲಿ ಈ ಲೋಳೆ ಎರಡು ಪದರಗಳಲ್ಲಿದೆ. ಹೊರಪದರದಲ್ಲಿ ಬ್ಯಾಕ್ಟೀರಿಯಾಗಳು ತುಂಬಿರುತ್ತವೆ. ಕೋಶಗಳಿಗೆ ತಾಗಿದ ಒಳಪದರಕ್ಕೆ ಅವು ಸಾಮಾನ್ಯವಾಗಿ ನುಸುಳಲಾರವು ಎಂಬುದನ್ನು ಸ್ವೀಡನ್ನಿನ ಸಂಶೋಧಕರು 2008ರಲ್ಲಿ ತೋರಿಸಿದರು. ಸಣ್ಣ ಕರುಳಿನ ಲೋಳೆ ತೆಳುವಾಗಿ ಸಡಿಲವಾಗಿದೆ, ಏಕೆಂದರೆ ಅಲ್ಲಿ ಆಹಾರ ಒಳಸೇರಬೇಕು. ಎರಡನೆಯದು ಐಜಿಎ ಎಂಬ ಪ್ರತಿಕಾಯ. ವಯಸ್ಕರ ಕರುಳಿನೊಳಕ್ಕೆ ದಿನಕ್ಕೆ ಹಲವು ಗ್ರಾಂಗಳಷ್ಟು ಐಜಿಎ ಸುರಿಯುತ್ತದೆ. ಅದರ ಮುಖ್ಯ ಕೆಲಸ ಕೊಲ್ಲುವುದಲ್ಲ. ಬ್ಯಾಕ್ಟೀರಿಯಾಗಳ ಮೈಯನ್ನು ಮುಚ್ಚಿ, ಒಂದಕ್ಕೊಂದು ಹೆಣೆದು, ಅವು ಒಳಪೊರೆಗೆ ತಾಗದಂತೆ ಮಾಡಿ ಹರಿವಿನೊಂದಿಗೆ ಸಾಗಹಾಕುವುದು. ಮೂರನೆಯದು ಕೋಶಗಳ ಸವಕಳಿ. ಒಳಪೊರೆಯ ಕೋಶಗಳು ಮೂರರಿಂದ ಐದು ದಿನಗಳಲ್ಲಿ ಉದುರಿ ಹೊಸವು ಬರುತ್ತವೆ, ಉದುರುವ ಕೋಶದೊಂದಿಗೆ ಅದಕ್ಕೆ ಅಂಟಿದ ರೋಗಾಣುವೂ ಹೋಗುತ್ತದೆ. ಇವುಗಳ ಜೊತೆಗೆ, ಮೊದಲೇ ನೆಲೆಸಿರುವ ನಿರಪಾಯಕಾರಿ ಬ್ಯಾಕ್ಟೀರಿಯಾಗಳು ಜಾಗವನ್ನೂ ಆಹಾರವನ್ನೂ ಹೊಸಬರಿಗೆ ಬಿಟ್ಟುಕೊಡುವುದಿಲ್ಲ. ದೇಹದ ಈ ಎಲ್ಲ ಏರ್ಪಾಡುಗಳ ಗುರಿ ಒಂದೇ, ಅಂಟಲು ಬಿಡದಿರುವುದು.

ಹಿಡಿತದ ಸಾಧನಗಳು

ಕೋಶದ ಮೈಯೂ ಬ್ಯಾಕ್ಟೀರಿಯಾದ ಮೈಯೂ ಸಾಮಾನ್ಯವಾಗಿ ಋಣ ವಿದ್ಯುದಂಶ ಹೊಂದಿದ್ದು, ಹತ್ತಿರ ಬಂದಂತೆ ಒಂದನ್ನೊಂದು ದೂಡುತ್ತವೆ. ಈ ಅಂತರವನ್ನು ದಾಟಲು ಅನೇಕ ಬ್ಯಾಕ್ಟೀರಿಯಾಗಳು ಮೈಯಿಂದ ಹೊರಚಾಚಿದ ಎಳೆಗಳನ್ನು ಬಳಸುತ್ತವೆ. ಫಿಂಬ್ರಿಯೆ ಅಥವಾ ಪಿಲೈ ಎಂದು ಕರೆಯುವ ಈ ಎಳೆಗಳು ಕೆಲವೇ ನ್ಯಾನೋಮೀಟರ್ ದಪ್ಪ, ಒಂದೆರಡು ಮೈಕ್ರೋಮೀಟರ್ ಉದ್ದ. ಒಂದೇ ಬಗೆಯ ಪ್ರೋಟೀನಿನ ನೂರಾರು ಪ್ರತಿಗಳು ಸಾಲಾಗಿ ಜೋಡಣೆಯಾಗಿ ಎಳೆ ಬೆಳೆಯುತ್ತದೆ. ಅನೇಕ ಎಳೆಗಳ ತುದಿಯಲ್ಲಿ ಹಿಡಿಯುವ ಕೆಲಸಕ್ಕೇ ಮೀಸಲಾದ ಬೇರೊಂದು ಪ್ರೋಟೀನ್ ಇರುತ್ತದೆ. ಅಂಟಿಸುವ ಇಂಥ ಪ್ರೋಟೀನುಗಳಿಗೆ ಅಡ್ಹೆಸಿನ್ ಎಂದು ಹೆಸರು. ಎಳೆಯ ಸಹಾಯವಿಲ್ಲದೆ ಬ್ಯಾಕ್ಟೀರಿಯಾದ ಹೊರಪೊರೆಯಲ್ಲೇ ಕೂತಿರುವ ಅಡ್ಹೆಸಿನ್‌ಗಳೂ ಇವೆ. ದೂರದಿಂದ ಹಿಡಿಯುವುದಕ್ಕೆ ಎಳೆ, ಹತ್ತಿರ ಬಂದ ಮೇಲೆ ಬಿಗಿಯಾಗಿ ಕೂರುವುದಕ್ಕೆ ಪೊರೆಯ ಪ್ರೋಟೀನ್. ಅನೇಕ ರೋಗಾಣುಗಳು ಈ ಎರಡನ್ನೂ ಒಂದರ ನಂತರ ಒಂದರಂತೆ ಬಳಸುತ್ತವೆ.

ಅಡ್ಹೆಸಿನ್ ಹಿಡಿಯುವುದು ಸಿಕ್ಕಸಿಕ್ಕ ವಸ್ತುವನ್ನಲ್ಲ. ಕೋಶದ ಮೇಲ್ಮೈಯ ಪ್ರೋಟೀನು ಮತ್ತು ಕೊಬ್ಬುಗಳಿಂದ ಹೊರಚಾಚಿರುವ ಸಕ್ಕರೆಯ ಸರಪಳಿಗಳಲ್ಲಿ ನಿರ್ದಿಷ್ಟ ರಚನೆಯೊಂದನ್ನೇ ಅದು ಗುರುತಿಸುತ್ತದೆ. ಹೀಗೆ ಹಿಡಿತಕ್ಕೆ ಸಿಗುವ ರಚನೆಗೆ ಗ್ರಾಹಕ ಎನ್ನುತ್ತಾರೆ. ಇಟ್ಜಾಕ್ ಒಫೆಕ್, ಡೇವಿಡ್ ಮಿರೆಲ್ಮನ್ ಮತ್ತು ನೇಥನ್ ಶರೋನ್ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾಗಳು ಮನುಷ್ಯರ ಲೋಳೆಪೊರೆಯ ಕೋಶಗಳಿಗೆ ಅಂಟುವುದು ಮ್ಯಾನೋಸ್ ಎಂಬ ಸಕ್ಕರೆಯ ಮೂಲಕ ಎಂಬುದು ತಿಳಿಯಿತು. ದ್ರವಕ್ಕೆ ಮ್ಯಾನೋಸ್ ಬೆರೆಸಿದಾಗ ಅಡ್ಹೆಸಿನ್‌ಗಳು ಅದನ್ನೇ ಹಿಡಿದುಕೊಂಡು, ಬ್ಯಾಕ್ಟೀರಿಯಾ ಕೋಶಕ್ಕೆ ಅಂಟಲಿಲ್ಲ. ಅಂಟುವಿಕೆಯನ್ನು ತಡೆಯುವ ದಾರಿಯೊಂದು ಇದೇ ಪ್ರಯೋಗದಲ್ಲಿ ಕಾಣಿಸಿಕೊಂಡಿತು.

ಮ್ಯಾನೋಸ್ ಹಿಡಿಯುವ ಈ ಅಡ್ಹೆಸಿನ್‌ಗೆ ಫಿಮ್‌ಎಚ್ ಎಂದು ಹೆಸರು. 2002ರಲ್ಲಿ ಅದರ ಇನ್ನೊಂದು ಗುಣ ಬೆಳಕಿಗೆ ಬಂತು. ಹರಿವು ಮಂದವಾಗಿದ್ದಾಗ ಅದರ ಹಿಡಿತ ದುರ್ಬಲ. ಹರಿವು ಜೋರಾಗಿ ಬ್ಯಾಕ್ಟೀರಿಯಾವನ್ನು ಎಳೆದಾಗ, ಎಳೆದಷ್ಟೂ ಬಿಗಿಯುವ ಜೀರುಗುಣಿಕೆಯ ಹಾಗೆ, ಹಿಡಿತ ಗಟ್ಟಿಯಾಗುತ್ತದೆ. ಎಳೆತದಿಂದ ಪ್ರೋಟೀನಿನ ಆಕಾರ ಬದಲಾಗಿ ಸಕ್ಕರೆಯನ್ನು ಹಿಡಿದ ಭಾಗ ಬಿಗಿಯಾಗುವುದು ಇದಕ್ಕೆ ಕಾರಣ. ರೋಗಾಣುವನ್ನು ತೊಳೆದು ಸಾಗಿಸಬೇಕಾದ ಹರಿವೇ ಇಲ್ಲಿ ಅದರ ಹಿಡಿತಕ್ಕೆ ನೆರವಾಗುತ್ತದೆ.

ಅಂಟುವಿಕೆ ಇಲ್ಲದೆ ರೋಗವಿಲ್ಲ: ಹಂದಿಮರಿಗಳ ಸಾಕ್ಷ್ಯ

ಅಂಟುವುದು ರೋಗದ ಕಾರಣವೋ, ರೋಗದ ಜೊತೆಗೆ ಕಾಣುವ ಒಂದು ಲಕ್ಷಣವೋ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಮೊದಲು ಸಿಕ್ಕಿದ್ದು ಹಂದಿಗಳಲ್ಲಿ. ಹುಟ್ಟಿದ ಕೆಲವೇ ದಿನಗಳ ಹಂದಿಮರಿಗಳಿಗೆ ಮಾರಕ ಭೇದಿ ತರುವ ಇ. ಕೋಲಿ ತಳಿಗಳ ಮೈಮೇಲೆ ಕೆ88 ಎಂಬ ಎಳೆಗಳಿರುತ್ತವೆ. ಎಳೆಯ ಜೀನ್‌ಗಳು ಇರುವುದು ಬ್ಯಾಕ್ಟೀರಿಯಾದ ಮುಖ್ಯ ಕ್ರೋಮೋಸೋಮಿನಲ್ಲಲ್ಲ, ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್ಎ ಉಂಗುರದಲ್ಲಿ. ಹೀಗಾಗಿ ಅದನ್ನು ತೆಗೆಯಬಹುದು, ಮತ್ತೆ ಸೇರಿಸಲೂಬಹುದು. ಬ್ರಿಟನ್ನಿನ ಸ್ಮಿತ್ ಮತ್ತು ಲಿಂಗುಡ್ 1971ರಲ್ಲಿ ಇದನ್ನೇ ಮಾಡಿದರು. ಕೆ88 ಪ್ಲಾಸ್ಮಿಡ್ ಕಳೆದುಕೊಂಡ ತಳಿ ರೋಗ ತರುವ ಶಕ್ತಿಯನ್ನೂ ಕಳೆದುಕೊಂಡಿತು. ಪ್ಲಾಸ್ಮಿಡ್ ಮರಳಿಸಿದಾಗ ಆ ಶಕ್ತಿ ಮರಳಿತು. ವಿಷ ತಯಾರಿಸುವ ಜೀನ್‌ಗಳೂ ಅಂಟುವ ಜೀನ್‌ಗಳೂ ಒಟ್ಟಿಗೆ ಇದ್ದಾಗ ಮಾತ್ರ ತೀವ್ರ ರೋಗ ಕಾಣಿಸಿತು.

1975ರಲ್ಲಿ ಪುರಾವೆ ಇನ್ನೊಂದು ಬದಿಯಿಂದ ಬಂತು. ಕೆಲವು ಹಂದಿಗಳ ಕರುಳಿನ ಕೋಶಗಳಿಗೆ ಕೆ88 ಇರುವ ಬ್ಯಾಕ್ಟೀರಿಯಾ ಅಂಟುವುದೇ ಇಲ್ಲ ಎಂಬುದನ್ನು ಬ್ರಿಟನ್ನಿನ ಸಂಶೋಧಕರು ಕಂಡುಕೊಂಡರು. ಗ್ರಾಹಕವಿಲ್ಲದ ಈ ಗುಣ ವಂಶವಾಹಿಯಾಗಿ ಸಾಗುತ್ತದೆ, ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ವ್ಯಕ್ತವಾಗುತ್ತದೆ. ಅಂಥ ಮರಿಗಳು ಆ ರೋಗಾಣುವನ್ನು ನುಂಗಿದರೂ ಆರೋಗ್ಯವಾಗಿರುತ್ತವೆ. ಈ ಗುಣಕ್ಕೆ ಒಂದು ತೊಡಕೂ ಇದೆ. ಗ್ರಾಹಕವಿಲ್ಲದ ತಾಯಿಯ ಕರುಳಿನಲ್ಲಿ ರೋಗಾಣು ನೆಲೆಸದೆ ಇರುವುದರಿಂದ ಅವಳಲ್ಲಿ ಅದರ ವಿರುದ್ಧ ಸಾಕಷ್ಟು ಪ್ರತಿಕಾಯಗಳು ಹುಟ್ಟುವುದಿಲ್ಲ. ಗ್ರಾಹಕವಿರುವ ಗಂಡಿನಿಂದ ಅವಳಿಗೆ ಹುಟ್ಟಿದ ಮರಿಗಳಿಗೆ ಗ್ರಾಹಕ ಬಂದಿರುತ್ತದೆ, ತಾಯಿಯ ಗಿಣ್ಣುಹಾಲಿನಲ್ಲಿ ರಕ್ಷಣೆ ಇರುವುದಿಲ್ಲ. ರೋಗಾಣುವಿನ ಎಳೆ, ಕರುಳಿನ ಗ್ರಾಹಕ, ತಾಯಿಯ ಪ್ರತಿಕಾಯ, ಈ ಮೂರನ್ನೂ ಒಟ್ಟಿಗೆ ನೋಡಿದಾಗಲೇ ಯಾವ ಮರಿ ಬದುಕುತ್ತದೆ ಎಂಬುದು ತಿಳಿಯುತ್ತದೆ.

ಮನುಷ್ಯರಲ್ಲಿ ಮಕ್ಕಳ ಅತಿಸಾರಕ್ಕೂ ಪ್ರವಾಸಿಗರ ಅತಿಸಾರಕ್ಕೂ ಪ್ರಮುಖ ಕಾರಣವಾದ ಇಟೆಕ್ ಎಂಬ ಇ. ಕೋಲಿ ಗುಂಪಿನ ಬಗೆಯೂ ಇದೇ. ಅದರ ಸಿಎಫ್ಎ/ಐ ಎಂಬ ಎಳೆ 1975ರಲ್ಲಿ ಪತ್ತೆಯಾಯಿತು; ಈ ಎಳೆಯಿಲ್ಲದ ತಳಿಗೆ ಸ್ವಯಂಸೇವಕರ ಕರುಳಿನಲ್ಲಿ ನೆಲೆಯೂರಲಾಗಲಿಲ್ಲ. ರೋಗದ ತೀವ್ರತೆಯಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸಕ್ಕೂ ಹಿಡಿತವೇ ಒಂದು ಕಾರಣ. ಕೆಲವು ಇಟೆಕ್ ತಳಿಗಳು ಸ್ರವಿಸುವ ಎಟ್‌ಪಿಎ ಎಂಬ ಅಡ್ಹೆಸಿನ್ 'ಎ' ರಕ್ತಗುಂಪಿನ ಸಕ್ಕರೆಯನ್ನು ಹಿಡಿಯುತ್ತದೆ. ರಕ್ತಗುಂಪಿನ ಸಕ್ಕರೆಗಳು ಕೆಂಪು ರಕ್ತಕಣಗಳ ಮೇಲಷ್ಟೇ ಅಲ್ಲ, ಕರುಳಿನ ಕೋಶಗಳ ಮೇಲೂ ಇರುತ್ತವೆ. 'ಎ' ಗುಂಪಿನವರಲ್ಲಿ ಈ ಸೋಂಕು ಹೆಚ್ಚು ತೀವ್ರವಾಗುತ್ತದೆ ಎಂಬುದು 2018ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದಿದೆ.

ಕಾಲರಾ: ಅಂಟುವ ಎಳೆಯೇ ವಿಷದ ದಾರಿ

ಕಾಲರಾ ರೋಗಾಣು ವಿಬ್ರಿಯೋ ಕರುಳಿನ ಕೋಶದೊಳಕ್ಕೆ ನುಗ್ಗುವುದಿಲ್ಲ. ಒಳಪೊರೆಯ ಮೇಲೆ ನೆಲೆಸಿ ವಿಷ ಸ್ರವಿಸುತ್ತದೆ, ಆ ವಿಷ ಕೋಶಗಳಿಂದ ನೀರು ಮತ್ತು ಲವಣಗಳನ್ನು ಹೊರಹರಿಸುತ್ತದೆ. ಈ ವಿಷದ ಇರುವಿಕೆಯನ್ನು ಕಲ್ಕತ್ತೆಯ ಶಂಭುನಾಥ್ ಡೇ ಮೊಲದ ಕರುಳಿನ ತುಂಡಿನಲ್ಲಿ 1959ರಲ್ಲಿ ಸಾಬೀತು ಮಾಡಿದರು. ಆದರೆ ವಿಷ ಕೋಶವನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪಬೇಕಾದರೆ ವಿಬ್ರಿಯೋ ಅಲ್ಲಿ ಗುಂಪುಗೂಡಿ ನಿಲ್ಲಬೇಕು. ಅದನ್ನು ಸಾಧ್ಯವಾಗಿಸುವ ಎಳೆ 1987ರಲ್ಲಿ ಪತ್ತೆಯಾಯಿತು. ವಿಷದ ಉತ್ಪಾದನೆ ಹೆಚ್ಚುವ ಹೊತ್ತಿಗೇ ಇದರ ಉತ್ಪಾದನೆಯೂ ಹೆಚ್ಚುವುದರಿಂದ, ವಿಷದ ಜೊತೆಗೂಡಿ ನಿಯಂತ್ರಣಗೊಳ್ಳುವ ಪಿಲಸ್ ಎಂಬ ಅರ್ಥದಲ್ಲಿ ಇದನ್ನು ಟಿಸಿಪಿ ಎಂದು ಕರೆದರು. ವಿಬ್ರಿಯೋಗಳನ್ನು ಒಂದಕ್ಕೊಂದು ಹೆಣೆದು ಸಣ್ಣ ಸಣ್ಣ ವಸಾಹತುಗಳಾಗಿ ನಿಲ್ಲಿಸುವುದು ಇದರ ಮುಖ್ಯ ಕೆಲಸ.

1996ರಲ್ಲಿ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ ಇದಕ್ಕಿಂತ ದೊಡ್ಡ ಸಂಗತಿಯನ್ನು ತೋರಿಸಿದರು. ಕಾಲರಾ ವಿಷದ ಜೀನ್‌ಗಳು ವಿಬ್ರಿಯೋದ ಸ್ವಂತ ಸ್ವತ್ತಲ್ಲ; ಬ್ಯಾಕ್ಟೀರಿಯಾಗೆ ಸೋಂಕುವ ವೈರಸ್ಸೊಂದು ಅವನ್ನು ಹೊತ್ತು ತರುತ್ತದೆ. ಆ ವೈರಸ್ಸು ವಿಬ್ರಿಯೋದೊಳಕ್ಕೆ ಹೋಗಲು ಹಿಡಿಯುವುದು ಇದೇ ಟಿಸಿಪಿ ಎಳೆಯನ್ನು. ಎಂದರೆ, ಕರುಳಿನಲ್ಲಿ ನೆಲೆಸಲು ನೆರವಾಗುವ ಎಳೆ ಇರುವ ವಿಬ್ರಿಯೋಗೇ ವಿಷ ತಯಾರಿಸುವ ಶಕ್ತಿಯೂ ಒದಗಿತು.

ವಿಬ್ರಿಯೋದ ಸಹಜ ನೆಲೆ ನದೀಮುಖಗಳ ಉಪ್ಪುನೀರು. ಅಲ್ಲಿ ಅದು ಪ್ಲವಕಗಳ ಕೈಟಿನ್ ಹೊದಿಕೆಗೆ ಅಂಟಿಕೊಂಡು ಬದುಕುತ್ತದೆ. ಈ ಕೆಲಸಕ್ಕೆ ಬಳಕೆಯಾಗುವ ಜಿಬಿಪಿಎ ಎಂಬ ಪ್ರೋಟೀನ್ ಕೈಟಿನ್‌ನಲ್ಲಿರುವ ಸಕ್ಕರೆಯ ಘಟಕವನ್ನು ಹಿಡಿಯುತ್ತದೆ. ಅದೇ ಬಗೆಯ ಸಕ್ಕರೆ ಮನುಷ್ಯನ ಕರುಳಿನ ಲೋಳೆಯಲ್ಲೂ ಇದೆ. ನೀರಿನಲ್ಲಿ ಬದುಕಲು ಬೇಕಾದ ಸಾಧನವೇ ಕರುಳಿನಲ್ಲೂ ಉಪಯೋಗಕ್ಕೆ ಬರುತ್ತದೆ ಎಂಬುದು 2005ರಲ್ಲಿ ಹೊರಬಿದ್ದ ವಿಷಯ. ಅಂಟಿಕೊಂಡಿರುವ ಈ ಸ್ವಭಾವವನ್ನೇ ವಿಬ್ರಿಯೋ ವಿರುದ್ಧ ಬಳಸಬಹುದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸುವುದನ್ನು ರೂಢಿ ಮಾಡಿಸಿದರು. ಒಂಟಿ ವಿಬ್ರಿಯೋ ಸೀರೆಯ ಎಳೆಗಳ ನಡುವೆ ಸುಲಭವಾಗಿ ತೂರಿಹೋಗುವಷ್ಟು ಸಣ್ಣದು. ಅದು ಅಂಟಿರುವ ಪ್ಲವಕ ತೂರಲಾರದು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾಲರಾ ಪ್ರಕರಣಗಳು ಸುಮಾರು ಅರ್ಧದಷ್ಟು ಇಳಿದವು.

ಗ್ರಾಹಕವನ್ನೇ ಹೊತ್ತು ತರುವ ರೋಗಾಣು

ಶಿಶುಗಳ ಅತಿಸಾರಕ್ಕೆ ಕಾರಣವಾಗುವ ಎಪೆಕ್ ಎಂಬ ಇ. ಕೋಲಿ ಗುಂಪಿನ ವಿಧಾನ ಇನ್ನೂ ಜಟಿಲ. ಅದು ಅಂಟಿದ ಜಾಗದಲ್ಲಿ ಮೈಕ್ರೋವಿಲ್ಲೈಗಳು ಅಳಿಸಿಹೋಗಿ, ಬ್ಯಾಕ್ಟೀರಿಯಾದ ಕೆಳಗೆ ಕೋಶದ ಮೈ ಪೀಠದಂತೆ ಮೇಲೆದ್ದಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಮೊದಲು ಎಪೆಕ್ ಕಟ್ಟುಕಟ್ಟಾದ ಎಳೆಗಳಿಂದ ಸಡಿಲವಾಗಿ ಹಿಡಿದುಕೊಳ್ಳುತ್ತದೆ. ಅನಂತರ ಸೂಜಿಯಂಥ ಒಂದು ಅಂಗದ ಮೂಲಕ ತನ್ನ ಪ್ರೋಟೀನುಗಳನ್ನು ಕೋಶದೊಳಕ್ಕೆ ಚುಚ್ಚುತ್ತದೆ. ಅವುಗಳಲ್ಲಿ ಟಿರ್ ಎಂಬುದು ಕೋಶಪೊರೆಯಲ್ಲಿ ನೆಲೆನಿಂತು ಹೊರಕ್ಕೆ ತಲೆಚಾಚುತ್ತದೆ. ಬ್ಯಾಕ್ಟೀರಿಯಾದ ಮೈಮೇಲಿನ ಇಂಟಿಮಿನ್ ಎಂಬ ಅಡ್ಹೆಸಿನ್ ಆ ಟಿರ್ ಅನ್ನೇ ಬಿಗಿಯಾಗಿ ಹಿಡಿಯುತ್ತದೆ. ರೋಗಾಣು ತನಗೆ ಬೇಕಾದ ಗ್ರಾಹಕವನ್ನು ತಾನೇ ಒದಗಿಸಿಕೊಳ್ಳುತ್ತದೆ ಎಂಬ ಈ ಸಂಗತಿ 1997ರಲ್ಲಿ ಪ್ರಕಟವಾಯಿತು. ಹಿಡಿತ ಬಿದ್ದ ಮೇಲೆ ಟಿರ್‌ನ ಒಳತುದಿ ಕೋಶದ ಆಕ್ಟಿನ್ ಎಳೆಗಳನ್ನು ಅಲ್ಲಿಗೆ ಸೆಳೆದು ಪೀಠವನ್ನು ಕಟ್ಟಿಸುತ್ತದೆ.

ಇಂಟಿಮಿನ್‌ನ ಪಾತ್ರ ಎಷ್ಟು ದೊಡ್ಡದೆಂಬುದನ್ನು 1993ರಲ್ಲಿ ಪ್ರಕಟವಾದ ಮಾನವ ಪ್ರಯೋಗ ಅಳೆದು ಹೇಳಿತು. ಸಹಜ ತಳಿ ಕುಡಿದ 11 ಸ್ವಯಂಸೇವಕರಲ್ಲಿ 11 ಮಂದಿಗೂ ಭೇದಿಯಾಯಿತು. ಇಂಟಿಮಿನ್ ಜೀನ್ ತೆಗೆದ ತಳಿ ಕುಡಿದ 11 ಮಂದಿಯಲ್ಲಿ ನಾಲ್ವರಿಗೆ ಮಾತ್ರ. ಬಿಗಿಹಿಡಿತ ತಪ್ಪಿದಾಗ ರೋಗ ಬಹಳ ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ಒಂದು ಹಿಡಿತ ತಪ್ಪಿದರೂ ಬೇರೆ ಹಿಡಿತಗಳು ಅಷ್ಟಿಷ್ಟು ಕೆಲಸ ಮಾಡುತ್ತವೆ ಎಂಬುದನ್ನು ಆ ನಾಲ್ವರು ನೆನಪಿಸುತ್ತಾರೆ.

ಅಂಟಿ ಒಳನುಗ್ಗುವವು

ಕೆಲವು ರೋಗಾಣುಗಳಿಗೆ ಅಂಟುವುದು ಒಳಹೋಗುವ ದಾರಿಯ ಮೊದಲ ಹೆಜ್ಜೆ. ಆಮಶಂಕೆಯ ರೋಗಾಣು ಶಿಗೆಲ್ಲಾ ಮತ್ತು ಸಾಲ್ಮೊನೆಲ್ಲಾ, ಕರುಳಿನಲ್ಲಿ ಅಲ್ಲಲ್ಲಿ ಇರುವ ಎಂ ಕೋಶಗಳನ್ನು ಬಾಗಿಲಾಗಿ ಬಳಸುತ್ತವೆ. ಕರುಳಿನೊಳಗೆ ಏನಿದೆ ಎಂದು ರೋಗನಿರೋಧಕ ವ್ಯವಸ್ಥೆಗೆ ಮಾದರಿ ದಾಟಿಸುವುದು ಎಂ ಕೋಶಗಳ ಕೆಲಸ. ಅವುಗಳ ಮೇಲಿನ ಜಿಪಿ2 ಎಂಬ ಪ್ರೋಟೀನನ್ನು ಸಾಲ್ಮೊನೆಲ್ಲಾದ ಫಿಮ್‌ಎಚ್ ಹಿಡಿಯುತ್ತದೆ.

ಲಿಸ್ಟೀರಿಯಾ ಎಂಬ ರೋಗಾಣು ಕರುಳಿನ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಮನುಷ್ಯರಲ್ಲೂ ಗಿನಿಯಿಲಿಗಳಲ್ಲೂ ಈ ಪ್ರೋಟೀನಿನ 16ನೆಯ ಸ್ಥಾನದಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲವಿದೆ. ಸಾಮಾನ್ಯ ಇಲಿಗಳಲ್ಲಿ ಅಲ್ಲಿರುವುದು ಗ್ಲುಟಾಮಿಕ್ ಆಮ್ಲ. ಈ ಒಂದೇ ವ್ಯತ್ಯಾಸದಿಂದ ಇಲಿಯ ಇ-ಕ್ಯಾಡ್ಹೆರಿನ್ ಅನ್ನು ಲಿಸ್ಟೀರಿಯಾ ಹಿಡಿಯಲಾರದು ಎಂಬುದು 1999ರಲ್ಲಿ ತಿಳಿಯಿತು. ಯಾವ ಪ್ರಾಣಿಗೆ ಯಾವ ರೋಗ ತಗಲುತ್ತದೆ ಎಂಬುದು ಹಿಡಿತದ ಹೊಂದಾಣಿಕೆಯನ್ನು ಎಷ್ಟು ಸೂಕ್ಷ್ಮವಾಗಿ ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ವಾದದ ಮಿತಿ

ಹೊಟ್ಟೆಯ ಎಲ್ಲ ಕಾಯಿಲೆಗೂ ಅಂಟುವಿಕೆಯೇ ಮೂಲ ಎನ್ನಲಾಗದು. ಸ್ಟೆಫೈಲೋಕಾಕಸ್ ಬೆಳೆದ ಆಹಾರದಲ್ಲಿ ವಿಷ ಮೊದಲೇ ತಯಾರಾಗಿರುತ್ತದೆ. ಉಂಡ ಕೆಲವೇ ಗಂಟೆಗಳಲ್ಲಿ ವಾಂತಿ ತರಲು ಅದಕ್ಕೆ ಬ್ಯಾಕ್ಟೀರಿಯಾ ಕರುಳಿಗೆ ಅಂಟುವ ಅಗತ್ಯವಿಲ್ಲ. ಅಂಟಿದ್ದೆಲ್ಲ ರೋಗ ತರುತ್ತದೆ ಎಂಬುದೂ ಸುಳ್ಳು. ಆರೋಗ್ಯವಂತರ ಕರುಳಿನಲ್ಲಿರುವ ನಿರಪಾಯಕಾರಿ ಇ. ಕೋಲಿಗಳಿಗೂ ಮ್ಯಾನೋಸ್ ಹಿಡಿಯುವ ಎಳೆಗಳಿವೆ. ಅಂಟುವಿಕೆಯ ಜೊತೆಗೆ ವಿಷವೋ ಒಳನುಗ್ಗುವ ಶಕ್ತಿಯೋ ಸೇರಬೇಕು. ಆದರೆ ಕರುಳಿನಲ್ಲಿ ನೆಲೆಸಿ ಬೆಳೆದು ರೋಗ ತರುವ ಬ್ಯಾಕ್ಟೀರಿಯಾಗಳ ಮಟ್ಟಿಗೆ ಮೊದಲ ಷರತ್ತು ಹಿಡಿತವೇ. ಆ ಷರತ್ತನ್ನು ತಪ್ಪಿಸಿದರೆ ಉಳಿದ ಆಯುಧಗಳು ಗುರಿ ತಲುಪುವುದು ಕಷ್ಟ.

ಅಂಟದಂತೆ ತಡೆಯುವ ದಾರಿಗಳು

ಈ ಮಾರ್ಗಕ್ಕೆ ಅತ್ಯಂತ ಹಳೆಯ ಉದಾಹರಣೆ ಎದೆಹಾಲು. ಪ್ರತಿ ಲೀಟರ್ ಎದೆಹಾಲಿನಲ್ಲಿ ಸುಮಾರು 5ರಿಂದ 15 ಗ್ರಾಂನಷ್ಟು ಆಲಿಗೋಸ್ಯಾಕರೈಡುಗಳೆಂಬ ಕಿರುಸರಪಳಿಯ ಸಕ್ಕರೆಗಳಿವೆ. ಮಗು ಅವನ್ನು ಜೀರ್ಣಿಸಿಕೊಳ್ಳಲಾರದು. ಅವು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಜೊತೆಗೆ, ಅವುಗಳಲ್ಲಿ ಹಲವು ಕರುಳಿನ ಗ್ರಾಹಕಗಳನ್ನೇ ಹೋಲುವುದರಿಂದ ರೋಗಾಣುವಿನ ಅಡ್ಹೆಸಿನ್‌ಗಳು ಅವನ್ನು ಹಿಡಿದು ಹರಿವಿನೊಂದಿಗೆ ಹೊರಟುಹೋಗುತ್ತವೆ. ಮೆಕ್ಸಿಕೋದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಯೂಕೋಸ್ ಸೇರಿದ ಅಂಥ ಒಂದು ಸಕ್ಕರೆಯ ಪಾಲು ಹೆಚ್ಚಿರುವ ಹಾಲು ಕುಡಿದ ಶಿಶುಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಅತಿಸಾರ ಕಡಿಮೆಯಿತ್ತು. ಇದರೊಂದಿಗೆ ತಾಯಿಯ ಐಜಿಎ ಕೂಡ ಹಾಲಿನ ಮೂಲಕ ಮಗುವಿನ ಕರುಳನ್ನು ಸೇರುತ್ತದೆ. ಎದೆಹಾಲಿಗೆ ಬದಲು ಪುಡಿಹಾಲಿನ ಬಾಟಲಿ ಕೊಟ್ಟಾಗ ಮಗು ಕಳೆದುಕೊಳ್ಳುವುದು ಪೋಷಣೆಯನ್ನಷ್ಟೇ ಅಲ್ಲ, ಈ ಎರಡು ಬಗೆಯ ಕಾವಲನ್ನೂ.

ಪಶುವೈದ್ಯಕೀಯ ಈ ತಿಳಿವಳಿಕೆಯನ್ನು ಬಹಳ ಹಿಂದೆಯೇ ಬಳಕೆಗೆ ತಂದಿದೆ. ಗಬ್ಬದ ಹಂದಿಗೆ ಕೆ88, ಗಬ್ಬದ ಹಸುವಿಗೆ ಕರುಗಳಲ್ಲಿ ಭೇದಿ ತರುವ ಇ. ಕೋಲಿಯ ಕೆ99 ಎಳೆಗಳ ಲಸಿಕೆ ಕೊಟ್ಟರೆ ಪ್ರತಿಕಾಯಗಳು ಗಿಣ್ಣುಹಾಲಿಗೆ ಬಂದು, ಅದನ್ನು ಕುಡಿದ ಮರಿಯ ಮತ್ತು ಕರುವಿನ ಕರುಳಿನಲ್ಲಿ ರೋಗಾಣುವಿನ ಎಳೆಗಳನ್ನು ಮುಚ್ಚುತ್ತವೆ. ಕೆ99 ಹಿಡಿಯುವ ಗ್ರಾಹಕಗಳು ಕರು ಬೆಳೆದಂತೆ ಕಡಿಮೆಯಾಗುವುದರಿಂದ ಮೊದಲ ಕೆಲವು ದಿನಗಳ ರಕ್ಷಣೆಯೇ ಮುಖ್ಯ. ಕರು ಹುಟ್ಟಿದ ಕೂಡಲೇ ಗಿಣ್ಣು ಕುಡಿಸಬೇಕೆಂಬ ಮಾತಿಗೆ ಇದು ಇನ್ನೊಂದು ಬಲವಾದ ಕಾರಣ. ಇದೇ ತತ್ತ್ವ ಮನುಷ್ಯರಲ್ಲೂ ಫಲಿಸುತ್ತದೆ ಎಂಬುದನ್ನು 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಇಟೆಕ್ ವಿರುದ್ಧ ಲಸಿಕೆ ಪಡೆದ ಹಸುಗಳ ಹಾಲಿನಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು ಸೇವಿಸಿದ 10 ಸ್ವಯಂಸೇವಕರಲ್ಲಿ, ರೋಗಾಣುವನ್ನು ಕುಡಿದರೂ, ಒಬ್ಬರಿಗೂ ಭೇದಿಯಾಗಲಿಲ್ಲ. ಸೇವಿಸದ 10 ಮಂದಿಯಲ್ಲಿ 9 ಮಂದಿಗೆ ಆಯಿತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ರೂಪುಗೊಂಡ ಇಟಿವ್ಯಾಕ್ಸ್ ಎಂಬ ಬಾಯಿಯ ಮೂಲಕ ಕೊಡುವ ಲಸಿಕೆಯಲ್ಲಿ, ಇಟೆಕ್‌ನ ಪ್ರಮುಖ ಎಳೆಗಳನ್ನು ಹೇರಳವಾಗಿ ಹೊತ್ತ ಸತ್ತ ಬ್ಯಾಕ್ಟೀರಿಯಾಗಳಿವೆ. ಬಾಂಗ್ಲಾದೇಶದ ಮಕ್ಕಳಲ್ಲಿ ಅದರ ಪರೀಕ್ಷೆ ನಡೆದಿದೆ.

ತೊಡಕುಗಳು ಸಣ್ಣವಲ್ಲ. ಇಟೆಕ್‌ನ ಎಳೆಗಳಲ್ಲೇ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ಒಂದರ ವಿರುದ್ಧದ ಪ್ರತಿಕಾಯ ಇನ್ನೊಂದನ್ನು ತಡೆಯುವುದು ಖಚಿತವಿಲ್ಲ. ಒಂದೇ ಬ್ಯಾಕ್ಟೀರಿಯಾಕ್ಕೆ ಹಲವು ಅಡ್ಹೆಸಿನ್‌ಗಳಿರುತ್ತವೆ, ಸಂದರ್ಭಕ್ಕೆ ತಕ್ಕಂತೆ ಅವುಗಳ ಉತ್ಪಾದನೆಯನ್ನು ಅದು ನಿಲ್ಲಿಸಬಲ್ಲದು, ಮತ್ತೆ ಆರಂಭಿಸಬಲ್ಲದು. ಮುಕ್ತವಾಗಿ ಬೆರೆಸಿದ ಸಕ್ಕರೆಯೊಂದಿಗಿನ ಹಿಡಿತ ದುರ್ಬಲವಾದ್ದರಿಂದ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಡಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ರೋಗಾಣು ನೆಲೆನಿಂತು ವಿಷ ಕೋಶ ಸೇರಿದ ಮೇಲೆ ಅಂಟುವಿಕೆಯನ್ನು ತಡೆಯುವ ಔಷಧದಿಂದ ಹೆಚ್ಚಿನ ಫಲವಿಲ್ಲ. ಆಗ ಜೀವ ಉಳಿಸುವುದು ಓಆರ್‌ಎಸ್ ದ್ರಾವಣ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಾಲನಬಿಸ್ ಅದರ ಬಲವನ್ನು ಜಗತ್ತಿಗೆ ತೋರಿಸಿದ್ದರು. ಅಂಟುವಿಕೆಯನ್ನು ತಡೆಯುವುದು ಮೂಲತಃ ಮುಂಜಾಗ್ರತೆಯ ಮಾರ್ಗ, ಚಿಕಿತ್ಸೆಯ ಮಾರ್ಗವಲ್ಲ.

ಇಷ್ಟಾದರೂ ಈ ಮಾರ್ಗದ ಪರವಾಗಿ ನಿಲ್ಲುವ ಕಾರಣಗಳು ತೂಕದವು. ಆ್ಯಂಟಿಬಯಾಟಿಕ್ ರೋಗಾಣುವನ್ನು ಕೊಲ್ಲುವಾಗ, ಅದಕ್ಕೆ ಜಗ್ಗದ ತಳಿಗಳಷ್ಟೇ ಉಳಿದು ಬೆಳೆಯುತ್ತವೆ. ಕರುಳಿನಲ್ಲಿ ಕಾವಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುವುದರಿಂದ ಹೊಸ ರೋಗಾಣುವಿಗೆ ಜಾಗ ತೆರವಾಗುತ್ತದೆ. ಶಿಗಾ ವಿಷ ತಯಾರಿಸುವ ಇ. ಕೋಲಿ ಸೋಂಕಿನಲ್ಲಂತೂ ಕೆಲವು ಆ್ಯಂಟಿಬಯಾಟಿಕ್‌ಗಳು ವಿಷದ ಬಿಡುಗಡೆಯನ್ನೇ ಹೆಚ್ಚಿಸಿ ಮೂತ್ರಪಿಂಡಕ್ಕೆ ಅಪಾಯ ತರಬಹುದೆಂದು ವೈದ್ಯರು ಅವನ್ನು ಕೊಡಲು ಹಿಂಜರಿಯುತ್ತಾರೆ. ಅಂಟದಂತೆ ತಡೆದಾಗ ರೋಗಾಣು ಸಾಯುವುದಿಲ್ಲ, ಕರುಳಿನಿಂದ ಹೊರಹೋಗುತ್ತದೆ ಅಷ್ಟೆ. ಹಾಗಾಗಿ ನಿರೋಧಕ ತಳಿಗಳನ್ನು ಆಯ್ದು ಬೆಳೆಸುವ ಒತ್ತಡ ಕಡಿಮೆ. ಅಡ್ಹೆಸಿನ್ ಬದಲಿಸಿ ತಪ್ಪಿಸಿಕೊಳ್ಳಲು ಯತ್ನಿಸುವ ರೋಗಾಣು ತನ್ನ ಹಿಡಿತವನ್ನೇ ಕಳೆದುಕೊಳ್ಳುವ ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ.

ಶುದ್ಧ ನೀರು, ಶೌಚಾಲಯ ಮತ್ತು ಓಆರ್‌ಎಸ್‌ಗಳಿಗೆ ಬದಲಿ ಇಲ್ಲ. ಆದರೆ ಎಷ್ಟೇ ಎಚ್ಚರ ವಹಿಸಿದರೂ ಒಂದಿಷ್ಟು ರೋಗಾಣುಗಳು ಮಕ್ಕಳ ಹೊಟ್ಟೆ ಸೇರುತ್ತಲೇ ಇರುತ್ತವೆ. ಅವುಗಳಿಗೆ ನೆಲೆ ಸಿಗದಂತೆ ಮಾಡುವ ವಿಧಾನವನ್ನು ಲೋಳೆ, ಐಜಿಎ ಮತ್ತು ಎದೆಹಾಲಿನ ರೂಪದಲ್ಲಿ ದೇಹ ತಾನಾಗಿಯೇ ಕಂಡುಕೊಂಡಿದೆ. ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕೊಡಲು ತಾಯಂದಿರಿಗೆ ಬೇಕಾದ ಬಿಡುವು ಮತ್ತು ಬೆಂಬಲ ಒದಗಿಸುವುದು, ಕರುಳಿನ ಲಸಿಕೆಗಳ ಸಂಶೋಧನೆಗೆ ಹಣ ಹೂಡುವುದು, ಅಗತ್ಯವಿಲ್ಲದ ಆ್ಯಂಟಿಬಯಾಟಿಕ್‌ನಿಂದ ಕರುಳಿನ ಸಹಜ ಕಾವಲನ್ನು ಕೆಡಿಸದಿರುವುದು, ಇವು ಮೂರೂ ಆ ವಿಧಾನದ ಮುಂದುವರಿಕೆಗಳು. ಸಾರ್ವಜನಿಕ ಆರೋಗ್ಯದ ಯೋಜನೆಗಳಲ್ಲಿ ಇವನ್ನು ಒಂದೇ ಗುರಿಯ ಭಾಗಗಳೆಂದು ಕಾಣಬೇಕು.